ತಂತ್ರಾಂಶಕ್ಕೂ ಬೇಕು ಹತ್ತನೆಯ ಕಾಲಂ

ಕರ್ನಾಟಕದ ಪಹಣಿಯ ಒಂಬತ್ತನೆಯ ಕಾಲಂನಲ್ಲಿ ಸ್ವಾಧೀನದಾರರ ಹೆಸರಿರುತ್ತದೆ, ಹತ್ತನೆಯ ಕಾಲಂನಲ್ಲಿ ಆ ಸ್ವಾಧೀನ ಬಂದ ರೀತಿ ಇರುತ್ತದೆ. ಕ್ರಯದಿಂದ ಬಂತೆ, ವಿಭಾಗದಿಂದ ಬಂತೆ, ಪೌತಿಯಿಂದ ಬಂತೆ, ಯಾವ ಸಾಲಿನ ಎಷ್ಟನೇ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್, ಹಕ್ಕು ಬದಲಾವಣೆಯ ಪುಸ್ತಕ) ನಂಬರಿನಲ್ಲಿ ಬಂತು ಎಂಬುದೆಲ್ಲ ಹೆಸರಿನ ಮಗ್ಗುಲಲ್ಲೇ ದಾಖಲಾಗಬೇಕು. ಹೆಸರು ಬರೆದರೆ ಸಾಲದು, ಅದು ಬಂದ ದಾರಿಯನ್ನೂ ತೋರಿಸಬೇಕು ಎಂಬ ವಿವೇಕ ಈ ಎರಡು ಕಾಲಂಗಳ ಜೋಡಣೆಯಲ್ಲಿದೆ. ವಿವೇಕ ಹಳೆಯದು. ಮಾಗಡಿ ತಾಲೂಕಿನ ಕೆಂಪಾಪುರದಲ್ಲಿ ಕೆಂಪೇಗೌಡರ ಸಮಾಧಿಯಿದೆ ಎಂದು 2015ರಲ್ಲಿ ಗುರುತಿಸಿದ್ದು ಅಲ್ಲಿನ ಕಲ್ಬರಹದ ಬಲದಿಂದ. ನಮ್ಮ ದಾನಶಾಸನಗಳಂತೂ ಭೂಮಿ ಕೊಟ್ಟವರು, ಪಡೆದವರು, ನಾಲ್ಕು ದಿಕ್ಕಿನ ಎಲ್ಲೆ, ಸಾಕ್ಷಿಗಳು ಎಲ್ಲವನ್ನೂ ಕಲ್ಲಿನ ಮೇಲೆಯೇ ಕೊರೆದಿಟ್ಟವು. ಆದರೆ ಅದೇ ಕೆಂಪಾಪುರದ ಒಂದು ಸರ್ವೆ ನಂಬರಿನ ಪಹಣಿಯಲ್ಲಿ ಇವತ್ತು ಕಾಣುವ ವಿಸ್ತೀರ್ಣವನ್ನೂ ಕಂದಾಯವನ್ನೂ ಋಣದ ವಿವರವನ್ನೂ ಕಾಗದದ ಮೇಲೆ ತರುವುದು ತಂತ್ರಾಂಶ. ಆ ಸಂಖ್ಯೆ ತಂತ್ರಾಂಶದ ಯಾವ ಯಾವ ಸಾಲುಗಳಿಂದ ಹುಟ್ಟಿತು ಎಂದು ಹೇಳುವ ಕಾಲಂ ಯಾವ ಪಹಣಿಯಲ್ಲೂ ಇಲ್ಲ. ಅದು ಇರಬೇಕು, ಇರಲು ಸಾಧ್ಯವಿದೆ, ಅದಕ್ಕೆ ಬೇಕಾದ ವಿದ್ಯೆ ನಾಲ್ಕು ದಶಕಗಳಿಂದ ಬೆಳೆದು ನಿಂತಿದೆ ಎಂಬುದು ಈ ಲೇಖನದ ವಾದ. ಆ ವಿದ್ಯೆಯ ಹೆಸರು ಪ್ರೋಗ್ರಾಮ್ ಸ್ಲೈಸಿಂಗ್.

ಇದು ಎಂಜಿನಿಯರುಗಳ ಒಳಮನೆಯ ವಿಷಯವೆಂದು ಬಿಟ್ಟುಬಿಡಲು ಕಾನೂನೇ ಅವಕಾಶ ಕೊಡುವುದಿಲ್ಲ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 133ನೇ ಕಲಮು ಹಕ್ಕುದಾಖಲೆಯಲ್ಲಿರುವ ನಮೂದನ್ನು, ಅದು ತಪ್ಪೆಂದು ಸಾಬೀತಾಗುವವರೆಗೆ, ಸತ್ಯವೆಂದು ಭಾವಿಸಬೇಕು ಎನ್ನುತ್ತದೆ. ಅಂದರೆ ಪಹಣಿಯಲ್ಲಿ ಹತ್ತು ಗುಂಟೆ ಕಡಿಮೆ ಬಂದರೆ ಅದನ್ನು ತಪ್ಪೆಂದು ತೋರಿಸುವ ಹೊರೆ ರೈತನ ಮೇಲೆ. 2000ದಲ್ಲಿ ಆರಂಭವಾದ ಭೂಮಿ ಯೋಜನೆ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದಾಗ ಈ ಊಹೆಯ ಬಲವೆಲ್ಲ ಕೈಬರಹದ ಪುಸ್ತಕದಿಂದ ಯಂತ್ರದ ಮುದ್ರಣಕ್ಕೆ ವರ್ಗವಾಯಿತು. ಅದರಿಂದ ಆದ ಒಳಿತು ದೊಡ್ಡದು. ಮ್ಯುಟೇಶನ್ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿ ಆಗಬೇಕು ಎಂಬ ನಿಯಮವನ್ನು ಆಗ ತಂತ್ರಾಂಶದೊಳಗೇ ಕೂರಿಸಿದರು, ಮೇಜಿನ ಕೆಳಗಿನ ಮಾತುಕತೆಗೆ ಇದ್ದ ಜಾಗ ಅಷ್ಟರಮಟ್ಟಿಗೆ ಕಿರಿದಾಯಿತು. ಆದರೆ ಇದೇ ಉದಾಹರಣೆ ಇನ್ನೊಂದು ಮಾತನ್ನೂ ಹೇಳುತ್ತದೆ: ನಿಯಮ ಈಗ ಕೋಡ್‌ನಲ್ಲಿದೆ. ಸುತ್ತೋಲೆಯಲ್ಲಿರುವ ನಿಯಮವನ್ನು ಓದಿ ಪ್ರಶ್ನಿಸಬಹುದು. ಲಕ್ಷಾಂತರ ಸಾಲುಗಳ ನಡುವೆ ಹರಡಿಕೊಂಡ ನಿಯಮವನ್ನು ಯಾರು ಓದಬೇಕು, ಹೇಗೆ ಓದಬೇಕು? 2005ರ ಮಾಹಿತಿ ಹಕ್ಕು ಅಧಿನಿಯಮದ 4(1)(ಡಿ) ಪ್ರಕಾರ ಆಡಳಿತದ ತೀರ್ಮಾನಕ್ಕೆ ಒಳಗಾದ ವ್ಯಕ್ತಿಗೆ ಆ ತೀರ್ಮಾನದ ಕಾರಣಗಳನ್ನು ತಿಳಿಸುವುದು ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯ. ತೀರ್ಮಾನವನ್ನು ಯಂತ್ರ ಲೆಕ್ಕಹಾಕಿದಾಗ ಕಾರಣವೂ ಯಂತ್ರದೊಳಗೇ ಇರುತ್ತದೆ. ಅದನ್ನು ಹೊರತೆಗೆಯುವ ಕ್ರಮ ಇಲ್ಲದಿದ್ದರೆ ಕರ್ತವ್ಯ ಕಾಗದದಲ್ಲೇ ಉಳಿಯುತ್ತದೆ.

ಸ್ಲೈಸಿಂಗ್ ಎಂದರೆ ಏನು? ಒಂದು ಪ್ರೋಗ್ರಾಮಿನ ಒಂದು ಸಾಲಿನಲ್ಲಿ ಒಂದು ವೇರಿಯಬಲ್ಲಿನ ಬೆಲೆಯನ್ನು ಬೆರಳಿಟ್ಟು ತೋರಿಸಿ, ಈ ಬೆಲೆಯ ಮೇಲೆ ಪ್ರಭಾವ ಬೀರಬಲ್ಲ ಸಾಲುಗಳು ಯಾವುವು ಎಂದು ಕೇಳುವುದು. ಉತ್ತರವಾಗಿ ಸಿಗುವ ಸಾಲುಗಳ ಸಮೂಹವೇ ಹೋಳು. ಹೋಳಿನ ಹೊರಗಿರುವ ಯಾವ ಸಾಲೂ ಆ ಬೆಲೆಯನ್ನು ಬದಲಿಸಲಾರದು. ಹೊರಗಿನದನ್ನೆಲ್ಲ ಅಳಿಸಿಹಾಕಿದರೂ ಆ ಬೆಲೆ ಹಾಗೆಯೇ ಬರುತ್ತದೆ. ಈ ಕಲ್ಪನೆಯನ್ನು ಮೊದಲು ಶಾಸ್ತ್ರವಾಗಿ ಕಟ್ಟಿದವನು ಅಮೆರಿಕದ ಮಾರ್ಕ್ ವೈಸರ್, ಮಿಶಿಗನ್ ವಿಶ್ವವಿದ್ಯಾಲಯಕ್ಕೆ 1979ರಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ. 1982ರಲ್ಲಿ ಅವನು ಪ್ರಕಟಿಸಿದ ಇನ್ನೊಂದು ಅಧ್ಯಯನ ನನಗೆ ಅದಕ್ಕಿಂತಲೂ ಮುಖ್ಯವೆನಿಸುತ್ತದೆ. ಅನುಭವಿ ಪ್ರೋಗ್ರಾಮರುಗಳಿಗೆ ದೋಷವಿರುವ ಪ್ರೋಗ್ರಾಮ್ ಕೊಟ್ಟು, ದೋಷ ಹುಡುಕಿದ ಮೇಲೆ ಅವರ ನೆನಪಿನಲ್ಲಿ ಯಾವ ತುಣುಕುಗಳು ಉಳಿದಿವೆ ಎಂದು ಅವನು ಪರೀಕ್ಷಿಸಿದ. ಒಟ್ಟಿಗೆ ಬರೆದಿದ್ದ ಸಾಲುಗಳನ್ನಷ್ಟೇ ಅಲ್ಲ, ಪ್ರೋಗ್ರಾಮಿನಲ್ಲಿ ಅಲ್ಲೊಂದು ಇಲ್ಲೊಂದು ಚೆದುರಿದ್ದರೂ ದೋಷದ ಬೆಲೆಗೆ ಸಂಬಂಧಿಸಿದ ಸಾಲುಗಳನ್ನೂ ಅವರು ಗುರುತಿಸಿದರು. ತರಬೇತಾದ ಮನಸ್ಸು ಯಾರೂ ಹೇಳಿಕೊಡದೆಯೂ ಹೋಳು ಮಾಡುತ್ತಲೇ ಓದುತ್ತದೆ. ಯಂತ್ರಕ್ಕೆ ವಹಿಸಬೇಕಾದದ್ದು ಅದೇ ಕೆಲಸವನ್ನು, ಮನಸ್ಸು ದಣಿಯುವ ಗಾತ್ರದಲ್ಲಿ.

ವಿಷಯ ಕಣ್ಣಿಗೆ ಕಟ್ಟಲು ಒಂದು ಚಿಕ್ಕ ಪ್ರೋಗ್ರಾಮನ್ನು ಕಲ್ಪಿಸಿಕೊಳ್ಳೋಣ. ಇದು ಭೂಮಿ ತಂತ್ರಾಂಶದ ನಿಜವಾದ ಕೋಡ್ ಅಲ್ಲ, ವಿವರಣೆಗೆಂದು ಕಟ್ಟಿಕೊಂಡದ್ದು. ಪ್ರೋಗ್ರಾಮ್ ಒಂದು ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ ಓದುತ್ತದೆ, 3 ಎಕರೆ 20 ಗುಂಟೆ. ಸಾಗುವಳಿಗೆ ಬಾರದ ಜಾಗವಾದ ಖರಾಬಿನಲ್ಲಿ ಅ-ಖರಾಬು 4 ಗುಂಟೆ, ಬ-ಖರಾಬು 6 ಗುಂಟೆ ಓದುತ್ತದೆ. ಸಾಲ ಕೊಟ್ಟ ಬ್ಯಾಂಕಿನ ಹೆಸರು, ಸಾಲದ ಮೊತ್ತ ಓದುತ್ತದೆ. ಖುಷ್ಕಿಯೋ ತರಿಯೋ ಬಾಗಾಯ್ತೋ ನೋಡಿ ಕಂದಾಯದ ದರ ಆರಿಸುತ್ತದೆ. ಪೋಡಿ, ಎಂದರೆ ಸರ್ವೆ ನಂಬರನ್ನು ಹಿಸ್ಸಾಗಳಾಗಿ ಒಡೆಯುವ ಕೆಲಸ, ಆಗಿದೆಯೇ ಎಂದು ಕೇಳುತ್ತದೆ. ಆಗಿದ್ದರೆ ಹಿಸ್ಸಾದ ವಿಸ್ತೀರ್ಣವನ್ನು, ಇಲ್ಲದಿದ್ದರೆ ಮೂಲ ಸರ್ವೆ ನಂಬರಿನ ವಿಸ್ತೀರ್ಣವನ್ನು ತೆಗೆದುಕೊಳ್ಳುತ್ತದೆ. ಎಲ್ಲವನ್ನೂ ಗುಂಟೆಗೆ ಇಳಿಸಿ, 140ರಿಂದ ಖರಾಬಿನ 10 ಕಳೆದು, 130 ಗುಂಟೆಯನ್ನು ಮತ್ತೆ 3 ಎಕರೆ 10 ಗುಂಟೆಯಾಗಿ ಮುದ್ರಿಸುತ್ತದೆ. ಈಗ ‘ಉಳಿಕೆ ವಿಸ್ತೀರ್ಣ’ದ ಮೇಲೆ ಬೆರಳಿಟ್ಟರೆ ಬ್ಯಾಂಕಿನ ಹೆಸರಿನ ಸಾಲು, ಸಾಲದ ಸಾಲು, ಕಂದಾಯದ ದರದ ಸಾಲುಗಳು ಎಲ್ಲವೂ ಉದುರಿಹೋಗುತ್ತವೆ. ಒಟ್ಟು ವಿಸ್ತೀರ್ಣ, ಹಿಸ್ಸಾದ ವಿಸ್ತೀರ್ಣ, ಎರಡು ಖರಾಬು, ಕಳೆಯುವ ಸಾಲು ಉಳಿಯುತ್ತವೆ. ಇವು ಬೆಲೆಯನ್ನು ಕೈಯಿಂದ ಕೈಗೆ ದಾಟಿಸುವ ಅವಲಂಬನೆಗಳು. ಜೊತೆಗೆ ಪೋಡಿ ಆಗಿದೆಯೇ ಎಂಬ ಪ್ರಶ್ನೆಯ ಸಾಲೂ ಉಳಿಯುತ್ತದೆ. ಆ ಸಾಲು ಯಾವ ಸಂಖ್ಯೆಯನ್ನೂ ಕೊಡುವುದಿಲ್ಲ, ಆದರೂ ಯಾವ ಸಂಖ್ಯೆ ಬರಬೇಕೆಂದು ತೀರ್ಮಾನಿಸುವುದು ಅದೇ. ಇದು ನಿಯಂತ್ರಣದ ಅವಲಂಬನೆ. ಭೂಮಿಯ ವ್ಯಾಜ್ಯ ತಿಳಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಅಳತೆ ಸರಿಯಿದ್ದು, ಯಾವ ಅಳತೆಯನ್ನು ತೆಗೆದುಕೊಳ್ಳಬೇಕೆಂಬ ತೀರ್ಮಾನ ತಪ್ಪಿದ್ದಾಗಲೇ ದೊಡ್ಡ ತಕರಾರು ಹುಟ್ಟುವುದು.

ಇಷ್ಟು ಚಿಕ್ಕದನ್ನು ಕಣ್ಣಿನಲ್ಲೇ ಮಾಡಬಹುದು. ನಿಜವಾದ ತಂತ್ರಾಂಶದಲ್ಲಿ ಪ್ರಶ್ನೆ ಬರುವುದು ದಕ್ಷತೆಯದು, ಮತ್ತು ನನ್ನ ದೃಷ್ಟಿಯಲ್ಲಿ ಸ್ಲೈಸಿಂಗಿನ ಸಾರ್ವಜನಿಕ ಬೆಲೆ ನಿಂತಿರುವುದು ಈ ದಕ್ಷತೆಯ ಮೇಲೆಯೇ. ವೈಸರ್‌ನ ವಿಧಾನದಲ್ಲಿ ಪ್ರತಿ ಪ್ರಶ್ನೆಗೂ ಪ್ರೋಗ್ರಾಮಿನ ಮೇಲೆ ಹೊಸದಾಗಿ, ಉತ್ತರ ಬದಲಾಗದೆ ನಿಲ್ಲುವವರೆಗೆ, ಸುತ್ತು ಹೊಡೆಯಬೇಕಿತ್ತು. 1984ರಲ್ಲಿ ಆಟನ್‌ಸ್ಟೈನ್ ದಂಪತಿ ಬೇರೆ ದಾರಿ ತೋರಿಸಿದರು. ಪ್ರತಿ ಸಾಲನ್ನೂ ಒಂದು ಬಿಂದುವೆಂದು ಬಗೆದು, ಯಾವುದು ಯಾವುದನ್ನು ಅವಲಂಬಿಸಿದೆ ಎಂಬ ಗೆರೆಗಳನ್ನು ಒಮ್ಮೆ ಎಳೆದಿಟ್ಟುಕೊಂಡರೆ, ಆಮೇಲಿನ ಪ್ರತಿ ಪ್ರಶ್ನೆಯೂ ಗೆರೆ ಹಿಡಿದು ಹಿಂದಕ್ಕೆ ನಡೆಯುವ ಕೆಲಸವಷ್ಟೇ. ಪೌತಿ ಖಾತೆಗೆ ವಂಶವೃಕ್ಷ ಮಾಡಿಸಿಟ್ಟುಕೊಂಡ ಮನೆಯಲ್ಲಿ ಪ್ರತಿ ಮೊಮ್ಮಗನ ಹಕ್ಕನ್ನೂ ಅದೇ ಹಾಳೆಯ ಮೇಲೆ ಅಜ್ಜನವರೆಗೆ ಹಿಂಬಾಲಿಸಬಹುದಲ್ಲ, ಹಾಗೆ. 1987ರಲ್ಲಿ ಫೆರಾಂಟೆ, ಆಟನ್‌ಸ್ಟೈನ್, ವಾರೆನ್ ಈ ಅವಲಂಬನಾ ಗ್ರಾಫಿಗೆ ಖಚಿತ ರೂಪ ಕೊಟ್ಟರು. ಒಂದೇ ಕಾರ್ಯವಿಧಾನದೊಳಗಿನ ಹೋಳು ಈಗ ಗ್ರಾಫಿನ ಗಾತ್ರದಷ್ಟೇ ಕೆಲಸ ಕೇಳುತ್ತದೆ. ಗ್ರಾಫ್ ಕಟ್ಟುವ ಖರ್ಚು ಒಂದು ಸಲದ್ದು, ಅದನ್ನು ಬಳಸುವವರು ಎಷ್ಟು ಜನ ಬೇಕಾದರೂ ಇರಬಹುದು. ಸಾರ್ವಜನಿಕ ಸೌಲಭ್ಯದ ಲಕ್ಷಣವೇ ಇದು.

ಕಷ್ಟ ಎದುರಾಗುವುದು ಕಾರ್ಯವಿಧಾನಗಳು ಒಂದನ್ನೊಂದು ಕರೆಯುವಾಗ. ನಮ್ಮ ಉದಾಹರಣೆಯಲ್ಲಿ ಎಕರೆಯನ್ನು ಗುಂಟೆಗೆ ಇಳಿಸುವ ಕೆಲಸಕ್ಕೆ ಒಂದು ಪ್ರತ್ಯೇಕ ಕಾರ್ಯವಿಧಾನವಿದೆ ಎನ್ನೋಣ. ಅದನ್ನು ಉಳಿಕೆ ವಿಸ್ತೀರ್ಣದ ಲೆಕ್ಕವೂ ಕರೆಯುತ್ತದೆ, ಬೆಳೆ ವಿಸ್ತೀರ್ಣದ ಲೆಕ್ಕವೂ ಕರೆಯುತ್ತದೆ. ಉಳಿಕೆ ವಿಸ್ತೀರ್ಣದಿಂದ ಹಿಂದಕ್ಕೆ ನಡೆಯುವ ಅಲ್ಗಾರಿದಮ್ ಈ ಕಾರ್ಯವಿಧಾನದೊಳಗೆ ಹೊಕ್ಕು, ಅದರ ಬಾಗಿಲಿಗೆ ಬಂದು, ತನ್ನನ್ನು ಕರೆದವರು ಯಾರು ಎಂದು ನೋಡಿದರೆ ಎರಡು ದಾರಿ ಕಾಣುತ್ತವೆ. ಎರಡರಲ್ಲೂ ನಡೆದರೆ ರಾಗಿ ಬೆಳೆದ ವಿಸ್ತೀರ್ಣವನ್ನು ಓದುವ ಸಾಲುಗಳೆಲ್ಲ ಹೋಳಿನೊಳಗೆ ಬಂದುಬಿಡುತ್ತವೆ. ಉಳಿಕೆ ವಿಸ್ತೀರ್ಣಕ್ಕೂ ರಾಗಿಗೂ ಸಂಬಂಧವಿಲ್ಲ, ಒಬ್ಬರ ಕರೆಗೆ ಹೊಕ್ಕು ಇನ್ನೊಬ್ಬರ ಬಳಿಗೆ ಮರಳುವಂಥ ಪ್ರೋಗ್ರಾಮಿನ ಓಟ ಯಾವತ್ತೂ ನಡೆಯುವುದಿಲ್ಲ. ಆದರೂ ಗ್ರಾಫಿನ ಮೇಲೆ ಆ ದಾರಿ ಇದೆ. ಸೂಸನ್ ಹಾರ್ವಿಟ್ಜ್, ಥಾಮಸ್ ರೆಪ್ಸ್, ಡೇವಿಡ್ ಬಿಂಕ್ಲಿ 1988ರಲ್ಲಿ ಮಂಡಿಸಿ 1990ರಲ್ಲಿ ವಿಸ್ತರಿಸಿದ ಪರಿಹಾರ ನನಗೆ ಈ ಶಾಸ್ತ್ರದ ಅತ್ಯಂತ ಚೆಲುವಾದ ಭಾಗ. ಪ್ರತಿ ಕರೆಯಲ್ಲೂ ಒಳಹೋದ ಯಾವ ಬೆಲೆ ಹೊರಬಂದ ಯಾವ ಬೆಲೆಯನ್ನು ಮುಟ್ಟುತ್ತದೆ ಎಂಬ ಸಾರಾಂಶದ ಗೆರೆಯನ್ನು ಮೊದಲೇ ಎಳೆದಿಡುತ್ತಾರೆ. ಆಮೇಲೆ ಎರಡು ಸುತ್ತು. ಮೊದಲ ಸುತ್ತಿನಲ್ಲಿ ಕರೆದವರ ಕಡೆಗೆ ಮೇಲೇರಬಹುದು, ಯಾವ ಕಾರ್ಯವಿಧಾನದ ಒಳಕ್ಕೂ ಇಳಿಯುವಂತಿಲ್ಲ. ಕರೆಗಳನ್ನು ಸಾರಾಂಶದ ಗೆರೆಯ ಮೇಲೆ ದಾಟಬೇಕು. ಎರಡನೆಯ ಸುತ್ತಿನಲ್ಲಿ ಇಳಿಯಬಹುದು, ಮೇಲೇರುವಂತಿಲ್ಲ. ಇಷ್ಟು ಸರಳ ಶಿಸ್ತಿನಿಂದ ತಪ್ಪುಬಾಗಿಲಿನಿಂದ ಹೊರಬೀಳುವ ದಾರಿಗಳೆಲ್ಲ ಮುಚ್ಚಿಹೋಗುತ್ತವೆ. 1994ರಲ್ಲಿ ರೆಪ್ಸ್, ಹಾರ್ವಿಟ್ಜ್, ಸಗೀವ್, ರೋಸೇ ಸಾರಾಂಶದ ಗೆರೆಗಳನ್ನು ಲೆಕ್ಕಹಾಕುವ ಕೆಲಸವನ್ನೇ ಇನ್ನಷ್ಟು ವೇಗಗೊಳಿಸಿದರು.

ವೇಗಕ್ಕಾಗಿ ನಿಖರತೆಯನ್ನು ಬಿಟ್ಟುಕೊಡಬೇಕಾಗುತ್ತದೆ ಎಂಬ ಸಾಮಾನ್ಯ ನಂಬಿಕೆಗೆ ಇಲ್ಲೊಂದು ಒಳ್ಳೆಯ ಉತ್ತರವಿದೆ. ಬಿಂಕ್ಲಿ ಮತ್ತು ಮಾರ್ಕ್ ಹಾರ್ಮನ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಿ ಭಾಷೆಯ 43 ಪ್ರೋಗ್ರಾಮುಗಳನ್ನು, ಒಟ್ಟು ಸುಮಾರು 10 ಲಕ್ಷ ಸಾಲುಗಳನ್ನು ತೆಗೆದುಕೊಂಡು, ಕೆಲಸ ಮಾಡುವ ಪ್ರತಿ ಸಾಲಿನಿಂದಲೂ ಹೋಳು ತೆಗೆದರು. ಹೋಳುಗಳ ಸಂಖ್ಯೆ 23 ಲಕ್ಷ ದಾಟಿತು. ಯಾರು ಕರೆದರು ಎಂಬ ಸಂದರ್ಭವನ್ನು ಕಡೆಗಣಿಸಿದಾಗ ಹೋಳಿನ ಸರಾಸರಿ ಗಾತ್ರ ಶೇಕಡಾ 50ರಷ್ಟು ಹಿಗ್ಗಿತು. ಹೋಳು ಹಿಗ್ಗಿದರೆ ನಡೆಯಬೇಕಾದ ದಾರಿಯೂ ಹಿಗ್ಗುತ್ತದೆ. ನಿಖರತೆಗೆ ಪಟ್ಟ ಶ್ರಮ ಹೀಗೆ ವೇಗವಾಗಿಯೂ ಮರಳಿ ಬರುತ್ತದೆ. ಒಂದೊಂದೇ ಸಾಲಿನಿಂದ ಇಪ್ಪತ್ತಮೂರು ಲಕ್ಷ ಪ್ರಶ್ನೆ ಕೇಳಿ ಉತ್ತರ ಪಡೆಯಲು ಸಾಧ್ಯವಾಯಿತು ಎಂಬುದೇ, ಈ ವಿದ್ಯೆ ಪ್ರಯೋಗಶಾಲೆಯ ಆಟಿಕೆಯ ಹಂತವನ್ನು ದಾಟಿದೆ ಎಂಬುದಕ್ಕೆ ಪುರಾವೆ.

ಇದು ದೂರದೇಶದ ವಿದ್ಯೆಯೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ವಿ. ರಾಘವನ್ ವಿಸ್ಕಾನ್ಸಿನ್‌ನಲ್ಲಿ ಸೂಸನ್ ಹಾರ್ವಿಟ್ಜ್ ಅವರ ಬಳಿಯೇ ಸಂಶೋಧನೆ ಮಾಡಿದವರು. ಒಂದೇ ಲೆಕ್ಕ ಬೇರೆ ಬೇರೆ ಕಡೆ ನಕಲಾಗಿ ಕುಳಿತಿರುವುದನ್ನು ಸ್ಲೈಸಿಂಗಿನಿಂದ ಪತ್ತೆಮಾಡುವ ಅವರಿಬ್ಬರ ಕೆಲಸ 2001ರಲ್ಲಿ ಪ್ರಕಟವಾಯಿತು. ಹಳೆಯ ತಂತ್ರಾಂಶಗಳ ನಿರ್ವಹಣೆಯೇ ಬದುಕಾಗಿರುವ ಊರಿಗೆ ಇದಕ್ಕಿಂತ ಹತ್ತಿರದ ಸಮಸ್ಯೆ ಇಲ್ಲ. ಒಂದೇ ನಿಯಮ ಐದು ಕಡೆ ನಕಲಾಗಿದ್ದು, ಸುತ್ತೋಲೆ ಬದಲಾದಾಗ ನಾಲ್ಕು ಕಡೆ ಮಾತ್ರ ತಿದ್ದಿದರೆ ಏನಾಗುತ್ತದೆ ಎಂದು ಯಾವುದೇ ಇಲಾಖೆಯ ಗಣಕ ವಿಭಾಗದವರನ್ನು ಕೇಳಬಹುದು. ಏಕಕಾಲದಲ್ಲಿ ಹಲವು ಎಳೆಗಳಾಗಿ ಓಡುವ ಪ್ರೋಗ್ರಾಮುಗಳ ಹೋಳಿನ ಬಗ್ಗೆ ಮಂಗಳಾ ಗೌರಿ ನಂದಾ ಮತ್ತು ಎಸ್. ರಮೇಶ್ 2000ದಲ್ಲಿ ಬರೆದರು. ಖರಗ್‌ಪುರದ ಐಐಟಿಯಲ್ಲಿ ರಾಜೀಬ್ ಮಾಲ್ ಮತ್ತು ಸಂಗಡಿಗರು ಒಂದು ನಿರ್ದಿಷ್ಟ ಓಟದ ಹೋಳನ್ನು ದಕ್ಷವಾಗಿ ತೆಗೆಯುವ ಅಲ್ಗಾರಿದಮನ್ನು 2002ರಲ್ಲಿ ಕೊಟ್ಟರು. ವಿದ್ವತ್ತು ಕೈಗೆಟುಕುವ ದೂರದಲ್ಲಿದೆ. ಮಾಗಡಿಯಿಂದ ವಿಜ್ಞಾನ ಸಂಸ್ಥೆಗೆ ಬಸ್ಸಿನಲ್ಲಿ ಒಂದು ಬೆಳಗಿನ ಪ್ರಯಾಣ. ಕೊರತೆಯಿರುವುದು ಸರ್ಕಾರಿ ತಂತ್ರಾಂಶದ ಟೆಂಡರ್ ಪತ್ರಗಳು ಇಂಥದ್ದನ್ನು ಕೇಳಬೇಕೆಂಬ ಸಂಕಲ್ಪದಲ್ಲಿ.

ಈ ವಾದಕ್ಕೆ ಗಂಭೀರ ಆಕ್ಷೇಪಗಳಿವೆ. ಮೊದಲನೆಯದು ಹೋಳಿನ ಗಾತ್ರದ್ದು. ಮೇಲೆ ಹೇಳಿದ 2003ರ ಅಧ್ಯಯನವೇ ಸರಾಸರಿ ಹೋಳು ಪ್ರೋಗ್ರಾಮಿನ ಮೂರನೆಯ ಒಂದು ಭಾಗಕ್ಕಿಂತ ತುಸು ಕಡಿಮೆ ಎಂದು ಕಂಡುಕೊಂಡಿತು. ಮೂರು ಲಕ್ಷ ಸಾಲಿನ ತಂತ್ರಾಂಶದಿಂದ ಒಂದು ಲಕ್ಷ ಸಾಲು ಹೊರತೆಗೆದು ತಹಶೀಲ್ದಾರರ ಮುಂದಿಟ್ಟರೆ ಯಾರಿಗೆ ಲಾಭ? ಮಾತು ನಿಜ. ಅತ್ಯಂತ ಚಿಕ್ಕ ಹೋಳನ್ನು ಯಾವಾಗಲೂ ಕಂಡುಹಿಡಿಯುವ ಅಲ್ಗಾರಿದಮ್ ಇರಲಾರದು ಎಂದು ವೈಸರ್‌ನೇ ತೋರಿಸಿದ್ದಾನೆ. ಆದರೆ ಆ ಸರಾಸರಿ, ಎಲ್ಲ ಓಟಗಳಿಗೂ ಅನ್ವಯಿಸುವ ಹೋಳಿನದು. ರೈತನ ಪ್ರಶ್ನೆ ಎಲ್ಲ ಓಟಗಳದ್ದಲ್ಲ. ಈ ಸರ್ವೆ ನಂಬರಿಗೆ, ಈ ದಿನ, ಈ ಸಂಖ್ಯೆ ಯಾಕೆ ಬಂತು ಎಂಬುದು. ಕೊರೆಲ್ ಮತ್ತು ಲಾಸ್ಕಿ 1988ರಲ್ಲಿ ಒಂದೇ ಓಟಕ್ಕೆ ಸೀಮಿತವಾದ ಹೋಳಿನ ಕಲ್ಪನೆ ಕೊಟ್ಟದ್ದು, ಅಗರ್‌ವಾಲ್ ಮತ್ತು ಹಾರ್ಗನ್ 1990ರಲ್ಲಿ ಅದನ್ನು ಸಾಧಿಸುವ ವಿಧಾನಗಳನ್ನು ಬೆಳೆಸಿದ್ದು ಈ ಬಗೆಯ ಪ್ರಶ್ನೆಗೆ. ಪೋಡಿ ಆಗದ ಜಮೀನಿನ ಓಟದಲ್ಲಿ ಹಿಸ್ಸಾದ ವಿಸ್ತೀರ್ಣದ ಸಾಲುಗಳು ನಡೆಯುವುದೇ ಇಲ್ಲ, ಹೋಳಿಗೆ ಬರುವುದೂ ಇಲ್ಲ. ಮತ್ತೆ 2007ರಲ್ಲಿ ಮನು ಶ್ರೀಧರನ್, ಸ್ಟೀಫನ್ ಫಿಂಕ್, ರಾಸ್ತಿಸ್ಲಾವ್ ಬೋಡಿಕ್ ತೆಳು ಹೋಳು ಎಂಬ ಕಲ್ಪನೆ ಮುಂದಿಟ್ಟರು. ಬೆಲೆಯನ್ನು ನೇರವಾಗಿ ತಯಾರಿಸಿ ದಾಟಿಸಿದ ಸಾಲುಗಳನ್ನು ಮೊದಲು ತೋರಿಸಿ, ಷರತ್ತುಗಳನ್ನೂ ಉಳಿದ ವಿವರಗಳನ್ನೂ ಓದುವವರು ಕೇಳಿದಾಗ ಮಾತ್ರ ಬಿಚ್ಚುವುದು. ಲೆಕ್ಕಪರಿಶೋಧಕರಿಗೆ ದೊಡ್ಡ ಹೋಳು, ಮೇಲ್ಮನವಿಗೆ ಒಂದು ಓಟದ ಹೋಳು, ಮೊದಲ ನೋಟಕ್ಕೆ ತೆಳು ಹೋಳು ಎಂದು ಕೆಲಸ ಹಂಚಿಕೊಂಡರೆ ಗಾತ್ರದ ಆಕ್ಷೇಪ ತನ್ನ ಮೊನಚನ್ನು ಬಹುಪಾಲು ಕಳೆದುಕೊಳ್ಳುತ್ತದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಬಿಗಿ. ಸರ್ಕಾರಿ ತಂತ್ರಾಂಶದಲ್ಲಿ ಬೆಲೆ ಒಂದೇ ಪ್ರೋಗ್ರಾಮಿನೊಳಗೆ ಹರಿಯುವುದಿಲ್ಲ; ಇಲ್ಲಿ ಬರೆದದ್ದು ಡೇಟಾಬೇಸಿಗೆ ಹೋಗಿ, ತಿಂಗಳಾದ ಮೇಲೆ ಬೇರೊಂದು ಪ್ರೋಗ್ರಾಮ್ ಅದನ್ನು ಎತ್ತಿಕೊಳ್ಳುತ್ತದೆ. ಸರ್ವೆಯ ಮೋಜಿಣಿ, ನೋಂದಣಿಯ ಕಾವೇರಿ, ಪಹಣಿಯ ಭೂಮಿ ಒಂದಕ್ಕೊಂದು ಮಾಹಿತಿ ಕೊಟ್ಟು ತೆಗೆದುಕೊಳ್ಳುವ ವ್ಯವಸ್ಥೆಗಳು. ಗೆರೆ ಡೇಟಾಬೇಸಿನ ದಡದಲ್ಲಿ ಕಡಿದುಹೋದರೆ ಹೋಳಿನ ಭರವಸೆಯೂ ಅಲ್ಲಿಗೆ ಕಡಿಯುತ್ತದೆ. ಡೇಟಾಬೇಸಿನ ಸ್ಥಿತಿಯನ್ನೂ ಅವಲಂಬನೆಯ ಲೆಕ್ಕಕ್ಕೆ ತರುವ ಸಂಶೋಧನೆ 2004ರಿಂದಲಾದರೂ ಇದೆ. ಕೋಷ್ಟಕದ ಒಂದೊಂದು ಕಾಲಂ ಅನ್ನೂ ಒಂದು ವೇರಿಯಬಲ್ ಎಂದು ಬಗೆದು ಬರೆಯುವವರಿಂದ ಓದುವವರಿಗೆ ಗೆರೆ ಎಳೆಯಬಹುದು. ನಿಜವಾದ ತೊಡಕು ಡೇಟಾಬೇಸಿಗೆ ಕೇಳುವ ಪ್ರಶ್ನೆಯನ್ನೇ ಪ್ರೋಗ್ರಾಮ್ ಓಡುವಾಗ ಅಕ್ಷರ ಅಕ್ಷರ ಜೋಡಿಸಿ ತಯಾರಿಸಿದಾಗ. ಆಗ ಯಾವ ಕೋಷ್ಟಕದ ಯಾವ ಕಾಲಂ ಎಂಬುದು ಮೊದಲೇ ತಿಳಿಯುವುದಿಲ್ಲ, ಅಲ್ಗಾರಿದಮ್ ಎಲ್ಲವನ್ನೂ ಸಂಶಯಿಸಬೇಕಾಗುತ್ತದೆ. ಇದಕ್ಕೆ ನನ್ನ ಉತ್ತರ ಅಲ್ಗಾರಿದಮಿನದಲ್ಲ, ನಿಯಮದ್ದು. ಕಾರಿನ ಬ್ರೇಕಿನಂಥ ಭಾಗಗಳಿಗೆ ಸಿ ಭಾಷೆಯಲ್ಲಿ ಬರೆಯುವವರು ಏನು ಬರೆಯಬಾರದು ಎಂದು 1998ರಲ್ಲೇ ಮಿಸ್ರಾ ಎಂಬ ನಿಯಮಾವಳಿ ಬಂತು. ಪರಿಶೀಲಿಸಲಾಗದ ರೀತಿಯಲ್ಲಿ ಬರೆಯುವ ಸ್ವಾತಂತ್ರ್ಯವನ್ನು ಮೋಟಾರು ಉದ್ಯಮ ತಾನಾಗಿ ಬಿಟ್ಟುಕೊಟ್ಟಿತು. ಹಕ್ಕುದಾಖಲೆಯ ನಮೂದನ್ನು ಮುಟ್ಟುವ ಕೋಡ್‌ಗೂ ಅಂಥ ನಿರ್ಬಂಧ ಹಾಕುವುದು ಅತಿಯಾಗದು. ಆದರೆ ಒಂದು ಮಿತಿಯನ್ನು ಒಪ್ಪಲೇಬೇಕು. ಹಲವು ಎಳೆಗಳು ಒಂದನ್ನೊಂದು ಕಾಯುತ್ತ ಓಡುವ ಪ್ರೋಗ್ರಾಮಿನಲ್ಲಿ ಕರೆಯ ಸಂದರ್ಭವನ್ನೂ ಕಾಯುವಿಕೆಯನ್ನೂ ಒಟ್ಟಿಗೆ ಪೂರ್ಣ ನಿಖರವಾಗಿ ವಿಶ್ಲೇಷಿಸುವುದು ಸಾಧ್ಯವೇ ಇಲ್ಲ ಎಂದು ಜಿ. ರಾಮಲಿಂಗಂ 2000ದಲ್ಲಿ ಸಾಧಿಸಿದ್ದಾರೆ. ಅಲ್ಲಿ ಹೋಳು ಅಗತ್ಯಕ್ಕಿಂತ ದೊಡ್ಡದಾಗಿಯೇ ಬರುತ್ತದೆ. ದೊಡ್ಡದಾಗಿ ಬಂದ ಹೋಳು ಓದುವವರ ಶ್ರಮ ಹೆಚ್ಚಿಸುತ್ತದೆ, ಸುಳ್ಳು ಹೇಳುವುದಿಲ್ಲ.

ಮೂರನೆಯ ಆಕ್ಷೇಪವೂ ಇದೆ. ಪಹಣಿಯ ತಪ್ಪುಗಳಲ್ಲಿ ಹೆಚ್ಚಿನವು ಕೋಡಿನಿಂದಲ್ಲ, ಕೈಬರಹದ ಪುಸ್ತಕದಿಂದ ಗಣಕಕ್ಕೆ ಏರಿಸುವಾಗ ಆದವು, ಇಲ್ಲವೇ ಪುಸ್ತಕದಲ್ಲೇ ಇದ್ದವು. ಸ್ಲೈಸಿಂಗ್ ಅದಕ್ಕೇನು ಮಾಡೀತು ಎಂದು ಕಂದಾಯ ಇಲಾಖೆಯ ಅನುಭವಿಗಳು ಕೇಳಬಹುದು. ಹೋಳು ಈ ಮಾತನ್ನು ಸಾಬೀತುಪಡಿಸುವ ಸಾಧನವೂ ಹೌದು. ಪೋಡಿ ಆಗದ ಜಮೀನಿನ ಓಟದಲ್ಲಿ ಉಳಿಕೆ ವಿಸ್ತೀರ್ಣದ ಹೋಳು ಕೊನೆಗೆ ಮುಟ್ಟುವುದು ಹೊರಗಿನಿಂದ ಬಂದ ಸಂಖ್ಯೆಗಳನ್ನು: ಒಟ್ಟು ವಿಸ್ತೀರ್ಣ, ಎರಡು ಖರಾಬು, ಪೋಡಿ ಆಗಿದೆ ಅಥವಾ ಆಗಿಲ್ಲ ಎಂಬ ಗುರುತು. ಲೆಕ್ಕದ ಸಾಲುಗಳು ನಿರ್ದೋಷವೆಂದು ಕಂಡರೆ ಹುಡುಕಾಟ ಈ ನಾಲ್ಕು ಕ್ಷೇತ್ರಗಳಿಗೆ ಇಳಿಯುತ್ತದೆ, ಸರ್ವೆ ಇಲಾಖೆಯ ವಿಸ್ತೀರ್ಣ ದಾಖಲೆಯಾದ ಆಕಾರ್‌ಬಂದ್‌ನ ಜೊತೆ ಹೋಲಿಸಬೇಕಾದದ್ದು ಇಷ್ಟೇ ಎಂದು ತಿಳಿಯುತ್ತದೆ. ‘ಸಿಸ್ಟಂನಲ್ಲೇ ಹಾಗೆ ಬರ್ತಿದೆ’ ಎಂಬ ಉತ್ತರಕ್ಕೂ ‘ಬ-ಖರಾಬಿನ ನಮೂದು ತಪ್ಪಿದೆ’ ಎಂಬ ಉತ್ತರಕ್ಕೂ ನಡುವೆ ರೈತ ಕಚೇರಿಗೆ ಅಲೆಯುವ ತಿಂಗಳುಗಳಿರುತ್ತವೆ.

ಇನ್ನು ಹೊಸ ಆಕ್ಷೇಪ. ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಗಳು ಕೋಡ್ ಓದಿ ಸರಳ ಕನ್ನಡದಲ್ಲೇ ವಿವರಿಸುವಾಗ ಈ ಹಳೆಯ ಗ್ರಾಫುಗಳೇಕೆ? ವಿವರಣೆ ಬೇರೆ, ಖಾತರಿ ಬೇರೆ. ಭಾಷಾ ಮಾದರಿ ‘ಈ ಸಾಲಿನಿಂದ ಹೀಗಾಗಿರಬಹುದು’ ಎನ್ನುತ್ತದೆ, ಬಹಳ ಸಲ ಸರಿಯಾಗಿಯೇ ಹೇಳುತ್ತದೆ. ಆದರೆ ‘ಬೇರೆ ಯಾವ ಸಾಲೂ ಕಾರಣವಲ್ಲ’ ಎಂಬ ನಿಷೇಧದ ಮಾತನ್ನು ಅದು ಹೊಣೆ ಹೊತ್ತು ಹೇಳಲಾರದು. ಸ್ಲೈಸಿಂಗಿನ ತೂಕವೆಲ್ಲ ಆ ನಿಷೇಧದಲ್ಲಿದೆ, ನ್ಯಾಯದ ವಿಚಾರಣೆಗೆ ಬೇಕಾದದ್ದೂ ಅದೇ. ಹೋಳನ್ನು ಗ್ರಾಫ್ ಕೊಡಲಿ, ಅದರ ವಿವರಣೆಯನ್ನು ಮಾದರಿ ಬರೆಯಲಿ. ಈ ಕ್ರಮ ತಿರುಗುಮುರುಗಾಗಬಾರದು.

ಯಂತ್ರದ ಮಾತನ್ನು ಸತ್ಯವೆಂದು ಊಹಿಸಿ, ಅದರ ದಾರಿಯನ್ನು ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ ಭಾರೀ ಬೆಲೆ ತೆತ್ತಿದೆ. ಅಲ್ಲಿನ ಅಂಚೆ ಕಚೇರಿಗಳಿಗೆ ಫುಜಿತ್ಸು ಕಂಪನಿಯ ಹೊರೈಜನ್ ತಂತ್ರಾಂಶ ಬಂದ ಮೇಲೆ, 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಉಪ ಅಂಚೆಪಾಲಕರು ಕಳ್ಳತನ, ಸುಳ್ಳು ಲೆಕ್ಕ ಮುಂತಾದ ಅಪರಾಧಗಳಿಗೆ ಶಿಕ್ಷೆಗೊಳಗಾದರು. ಪರದೆಯ ಮೇಲೆ ಕಂಡ ಕೊರತೆಯೇ ಅವರ ವಿರುದ್ಧದ ಸಾಕ್ಷಿಯಾಗಿತ್ತು. ಗಣಕ ಸರಿಯಾಗಿ ಕೆಲಸ ಮಾಡುತ್ತಿದೆ 
ಎಂದು ಊಹಿಸುವುದು ಅಲ್ಲಿನ ನ್ಯಾಯಾಲಯಗಳ ರೂಢಿ. ಅದು ತಪ್ಪೆಂದು ತೋರಿಸುವ ಹೊರೆ, ಕೋಡ್ ಕಣ್ಣಿಗೂ ಬೀಳದ ಹಳ್ಳಿಯ ಅಂಚೆಪಾಲಕರ ಮೇಲೆ ಬಿತ್ತು. ತಂತ್ರಾಂಶದ ದೋಷಗಳಿಂದ ಲೆಕ್ಕದಲ್ಲಿ ಕೊರತೆ ಹುಟ್ಟಲು ಸಾಧ್ಯವಿತ್ತು ಎಂದು ಹೈಕೋರ್ಟ್ ಹೇಳಿದ್ದು 2019ರ ಡಿಸೆಂಬರಿನಲ್ಲಿ. ಶಿಕ್ಷೆಗಳನ್ನು ಒಟ್ಟಾಗಿ ರದ್ದುಮಾಡುವ ಕಾನೂನು ಬಂದದ್ದು 2024ರಲ್ಲಿ. ಸ್ಲೈಸಿಂಗ್ ಇದ್ದಿದ್ದರೆ ಇದೆಲ್ಲ ತಪ್ಪುತ್ತಿತ್ತು ಎಂದು ಹೇಳುವುದು ಉತ್ಪ್ರೇಕ್ಷೆ. ಅಲ್ಲಿ ಸಂಸ್ಥೆಯ ಹಠವೂ ಇತ್ತು, ಮುಚ್ಚಿಟ್ಟ ಮಾಹಿತಿಯೂ ಇತ್ತು. ಆದರೆ ‘ಈ ಕೊರತೆಯ ಸಂಖ್ಯೆ ಯಾವ ಸಾಲುಗಳಿಂದ, ಯಾವ ಹಣಕಾಸಿನ ನಮೂದುಗಳಿಂದ ಬಂತು, ತೋರಿಸಿ’ ಎಂದು ಕೇಳುವ ಹಕ್ಕು ಆರೋಪಿಗೂ, ಅದಕ್ಕೆ ಉತ್ತರಿಸಲೇಬೇಕಾದ ಕರ್ತವ್ಯ ಸಂಸ್ಥೆಗೂ ಇದ್ದಿದ್ದರೆ ಹಠ ಹಿಡಿಯುವುದು ಅಷ್ಟು ಸುಲಭವಾಗುತ್ತಿರಲಿಲ್ಲ. ನಮ್ಮ 133ನೇ ಕಲಮಿನ ಊಹೆಯನ್ನು ಓದುವಾಗ ಈ ಪ್ರಕರಣ ನೆನಪಿಗೆ ಬರಬೇಕು.

ಹಾಗಾದರೆ ಮಾಡಬೇಕಾದ್ದೇನು? ಸರ್ಕಾರಿ ತಂತ್ರಾಂಶಗಳ ಮೂಲ ಕೋಡನ್ನು ತೆರೆದಿಡುವ ನೀತಿಯೊಂದನ್ನು ಕೇಂದ್ರ ಸರ್ಕಾರ 2015ರಲ್ಲೇ ಹೊರಡಿಸಿದೆ. ತೆರೆದಿಟ್ಟ ಕೋಡ್ ಒಳ್ಳೆಯದು, ಆದರೆ ಲಕ್ಷಾಂತರ ಸಾಲುಗಳನ್ನು ಅಂಗಳದಲ್ಲಿ ಸುರಿದ ಮಾತ್ರಕ್ಕೆ ಉತ್ತರ ಸಿಕ್ಕಂತಾಗುವುದಿಲ್ಲ. ಹಕ್ಕುಗಳನ್ನು ಮುಟ್ಟುವ ಪ್ರತಿ ತಂತ್ರಾಂಶದ ಜೊತೆ ಅದರ ಅವಲಂಬನಾ ಗ್ರಾಫನ್ನೂ ಒಪ್ಪಿಸಬೇಕೆಂಬ ಷರತ್ತು ಟೆಂಡರಿನಲ್ಲಿರಬೇಕು. ತಂತ್ರಾಂಶಕ್ಕೆ ತಿದ್ದುಪಡಿ ಮಾಡುವ ಮೊದಲು, ತಿದ್ದಿದ ಸಾಲಿನಿಂದ ಮುಂದಕ್ಕೆ ಹೋಳು ತೆಗೆದು, ಪಹಣಿಯ ಯಾವ ಯಾವ ಕಾಲಂಗಳನ್ನು ಅದು ಮುಟ್ಟುತ್ತದೆ ಎಂಬ ಪಟ್ಟಿಯನ್ನು ಬದಲಾವಣೆಯ ಆದೇಶಕ್ಕೆ ಲಗತ್ತಿಸಬೇಕು. ಮುಂದಕ್ಕೆ ಹೋಳು ಎಂದರೆ ಅದೇ ಗ್ರಾಫಿನ ಗೆರೆಗಳ ಮೇಲೆ ಎದುರು ದಿಕ್ಕಿನ ನಡಿಗೆ, ಹೊಸ ಖರ್ಚೇನಿಲ್ಲ. ಇದು ಪಹಣಿಗೆ ಮಾತ್ರ ಸಂಬಂಧಿಸಿದ್ದೂ ಅಲ್ಲ. ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯ ಇ-ಹರಾಜಿನಲ್ಲಿ ಬೆಳೆಗಾರರ ಕೈಗೆ ಬರುವ ಮೊತ್ತವೂ ತೂಕ, ದರ, ಕಡಿತಗಳ ಮೇಲೆ ತಂತ್ರಾಂಶ ಮಾಡಿದ ಲೆಕ್ಕವೇ. ಎಂಜಿನಿಯರಿಂಗ್ ಕಾಲೇಜುಗಳ ಪಾಠದಲ್ಲಿ ಸ್ಲೈಸಿಂಗ್ ಬಂದರೆ ಒಂದು ವ್ಯಾಖ್ಯೆಯಾಗಿ ಬಂದು ಹೋಗಬಾರದು. ರಾಮನಗರದಲ್ಲೋ ಕನಕಪುರದಲ್ಲೋ ಓದುವ ವಿದ್ಯಾರ್ಥಿ ಸರ್ಕಾರ ತೆರೆದಿಟ್ಟ ಒಂದು ನಿಜವಾದ ತಂತ್ರಾಂಶಕ್ಕೆ ಗ್ರಾಫ್ ಕಟ್ಟಿ, ಎರಡು ಸುತ್ತಿನ ನಡಿಗೆಯನ್ನು ಕೈಯಾರೆ ಬರೆದು ನೋಡಬೇಕು.

ಇವೆಲ್ಲ ಏಕಕಾಲಕ್ಕೆ ಆಗಲಾರವು ಎನ್ನುವವರಿಗೆ ಎಲ್ಲಿಂದ ಶುರುಮಾಡಬೇಕೆಂದು ಹೇಳಬಹುದು. ಮ್ಯುಟೇಶನ್ ಆದೇಶದ ವಿರುದ್ಧ ಭೂಕಂದಾಯ ಅಧಿನಿಯಮದ 136(2)ನೇ ಕಲಮಿನಡಿ ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಯಂತ್ರ ಲೆಕ್ಕಹಾಕಿದ ಸಂಖ್ಯೆಯೇ ತಕರಾರಿನ ವಸ್ತುವಾದ ಮೇಲ್ಮನವಿಗಳಲ್ಲಿ, ಆ ಒಂದು ಸಂಖ್ಯೆಯ, ಆ ಒಂದು ಓಟದ ಹೋಳನ್ನು, ಅದು ಮುಟ್ಟಿದ ನಮೂದುಗಳ ಪಟ್ಟಿಯೊಂದಿಗೆ ಕಡತಕ್ಕೆ ಸೇರಿಸಬೇಕೆಂದು ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಅದಕ್ಕೆ ಪ್ರತಿ ಲೆಕ್ಕದ ಒಳಬಂದ ಸಂಖ್ಯೆಗಳನ್ನು ಕಾದಿಡಬೇಕಾಗುತ್ತದೆ, ಲೆಕ್ಕ ನಡೆದ ದಿನ ತಂತ್ರಾಂಶದ ಯಾವ ಆವೃತ್ತಿ ಬಳಕೆಯಲ್ಲಿತ್ತು ಎಂಬುದನ್ನು ಗುರುತು ಹಾಕಿಡಬೇಕಾಗುತ್ತದೆ. ಇಷ್ಟಿದ್ದರೆ ಅದೇ ಲೆಕ್ಕವನ್ನು ಮತ್ತೆ ಓಡಿಸಿ ಹೋಳು ತೆಗೆಯಬಹುದು. ಎಂ.ಆರ್. ಪುಸ್ತಕವನ್ನು ಕಾದಿಡಲು ಒಪ್ಪಿದ ಇಲಾಖೆಗೆ ಇದು ಅಪರಿಚಿತ ಶಿಸ್ತಲ್ಲ.